ನಲವತ್ತು ಗಟ್ಟಿ ಸೀಸ

೩ ಫೆಬ್ರವರಿ ೨೦೧೪

ಗುಂಜಿ,

ಫೋನು ಮಾಡದೆ ಕಾಗದ ಬರೆದೆಯಲ್ಲ, ಅದಕ್ಕೆ ಮೊದಲು ನಿನಗೊಂದು ದೊಡ್ಡ ನಮಸ್ಕಾರ. ಫೋನಿನಲ್ಲಿ ನೀನು ಹೇಳುವುದೊಂದು, ನನ್ನ ಕಿವಿಗೆ ಬೀಳುವುದೊಂದು, ನಡುವೆ ನಿಂತು ನಿನ್ನ ಅತ್ತೆ ಕೂಗಿ ಹೇಳುವುದು ಮೂರನೆಯದು. ಕಾಗದವಾದರೆ ತಿಳಿಯದ ಕಡೆ ಬೆರಳಿಟ್ಟು ಇನ್ನೊಂದು ಸಲ ಓದಬಹುದು.

ನೀನು ಕೇಳಿದ ಸೀಸ ಇದೆ. ಅಂಗಡಿಯ ಹಿಂದಿನ ಕೋಣೆಯಲ್ಲಿ, ಚಿಕ್ಕವಳಿದ್ದಾಗ ನೀನು ಹತ್ತಿ ಕುಳಿತು ಓದುತ್ತಿದ್ದ ಅದೇ ಅಟ್ಟಿ. ನನಗೆ ತಕ್ಕಡಿ ರಿಪೇರಿ ಕಲಿಸಿದ ಮೇಸ್ತ್ರಿ, ನಾನೂರು ವರ್ಷದ ಒಂದು ಕಟ್ಟಡ ಕೆಡವಿದಾಗ ಅದರ ಸೂರಿಗೆ ಹೊದಿಸಿದ್ದ ಸೀಸದ ತಗಡನ್ನು ತಂದು ಕರಗಿಸಿ, ಹತ್ತು ಹತ್ತು ಕಿಲೋದ ಗಟ್ಟಿ ಎರೆದು, ಒಂದೊಂದರ ಮೇಲೂ ತಮ್ಮ ಮುದ್ರೆ ಒತ್ತಿದ್ದರು. ಯಾವುದೋ ದೊಡ್ಡ ಗಾಡಿತಕ್ಕಡಿಯ ಎದುರು ತೂಕಕ್ಕೆಂದು ಎತ್ತಿಟ್ಟದ್ದು. ಆ ಕೆಲಸ ಬರಲೇ ಇಲ್ಲ. ಅಂಗಡಿ ನನಗೆ ಬಿಟ್ಟುಕೊಟ್ಟ ಮೇಲೂ ಪ್ರತಿ ವರ್ಷ ಕೋಲೂರಿಕೊಂಡು ಬಂದು, ಕೋಲಿನ ತುದಿಯಿಂದ ಮುಟ್ಟಿ ಮುಟ್ಟಿ ಎಣಿಸಿ, "ನಲವತ್ತು ಇದೆ, ನಲವತ್ತೇ ಇರಲಿ" ಎಂದು ಹೇಳಿ ಹೋಗುತ್ತಿದ್ದರು.

ಹೊಸ ಸೀಸ ಒಳಗೊಳಗೇ ಸಣ್ಣಗೆ ಕಿರಣ ಬಿಡುತ್ತಿರುತ್ತದೆ, ನೂರಾರು ವರ್ಷವಾದ ಮೇಲೆ ಅದರ ಸದ್ದಡಗುತ್ತದೆ, ನಿಮಗೆ ಬೇಕಾದದ್ದು ಅಂಥ ಸದ್ದಡಗಿದ ಸೀಸ ಎಂದು ಬರೆದಿದ್ದೀಯ. ಅತ್ತೆಗೆ ಓದಿ ಹೇಳಿದೆ. "ವಯಸ್ಸಾದ ಮೇಲೆ ಬಾಯಿ ಮುಚ್ಕೊಳ್ಳೋದು ಸೀಸಕ್ಕಾದ್ರೂ ಗೊತ್ತಲ್ಲ" ಎಂದು ನನ್ನ ಕಡೆ ನೋಡಿದಳು.

ನೀನು ಹುಡುಕುವ ಡಾರ್ಕ್ ಮ್ಯಾಟರನ್ನು ನಾನು ತಿಳಿದುಕೊಂಡದ್ದು ಹೀಗೆ, ತಪ್ಪಿದ್ದರೆ ತಿದ್ದು. ನಕ್ಷತ್ರದ ಗುಂಪುಗಳು ಸುತ್ತುವ ರಭಸಕ್ಕೆ ಚೆಲ್ಲಾಪಿಲ್ಲಿಯಾಗಿ ಹೋಗಬೇಕಿತ್ತು. ಹೋಗಿಲ್ಲ. ಅಂದರೆ ಕಾಣದ ಭಾರವೊಂದು ಅವನ್ನು ಹಿಡಿದಿಟ್ಟಿದೆ. ತಟ್ಟೆಯಲ್ಲಿ ಏನೂ ಇಲ್ಲ, ಆದರೂ ತಟ್ಟೆ ಕೆಳಗಿದೆ. ನಮ್ಮಲ್ಲಿ ಅಂಥ ತಕ್ಕಡಿ ಬಂದರೆ ಮೊದಲು ತಟ್ಟೆ ಎತ್ತಿ ತಳ ತಡವುತ್ತೇವೆ, ಯಾರಾದರೂ ಮೇಣ ಮೆತ್ತಿದ್ದಾರೆಯೇ ಎಂದು. ನೂರಕ್ಕೆ ತೊಂಬತ್ತೊಂಬತ್ತು ಸಲ ಮೇಣವೇ. ಆ ಉಳಿದ ಒಂದು ಸಲಕ್ಕಾಗಿ ನೀನು ಹನ್ನೊಂದು ವರ್ಷದಿಂದ ನೆಲದಡಿ ಕುಳಿತಿದ್ದೀಯ.

ನಲವತ್ತಕ್ಕೆ ನಲವತ್ತೂ ಅದೇ ಸೂರಿನವು. ನಿಮ್ಮ ಲಾರಿಯವರು ಬಂದರೆ ತುಂಬಿಸಿ ಕಳಿಸುತ್ತೇನೆ. ನಿನ್ನ ದುರ್ಬೀನು ಮಹಡಿಯ ಮೇಲೆ ಹೊದಿಕೆ ಹೊದ್ದು ನಿಂತಿದೆ. ಮೊನ್ನೆ ಅದರ ತೂಕದ ಗುಂಡು ಒರೆಸಿ ತಿರುಗಣೆಗೆ ಎಣ್ಣೆ ಹಾಕಿದೆ, ಈಗಲೂ ಒಂದು ಬೆರಳಿಗೆ ತಿರುಗುತ್ತದೆ.

ನಿನ್ನ ಮಾವ

೨೦ ಏಪ್ರಿಲ್ ೨೦೧೪

ಮಾವನಿಗೆ ನಮಸ್ಕಾರಗಳು.

ಗಟ್ಟಿಗಳು ಬಂದವು. ಪೆಟ್ಟಿಗೆಯ ಮೇಲೆ ನಿಮ್ಮ ಗುಂಡು ಅಕ್ಷರ ನೋಡಿ ಲಿಫ್ಟಿನಜ್ಜ ಯಾರದೆಂದು ಕೇಳಿದ. ಈ ಹಳೆಯ ಗಣಿಯೊಳಗೆ ಒಂದೂವರೆ ಕಿಲೋಮೀಟರು ಕೆಳಗಿಳಿಯುವ ಕಬ್ಬಿಣದ ಪಂಜರವನ್ನು ನಡೆಸುವವನು ಅವನು. ಹನ್ನೊಂದು ವರ್ಷದಿಂದ ದಿನಾ ಸಂಜೆ ನಾವು ಮೇಲೆ ಬರುವಾಗ ಅವನದು ಒಂದೇ ಪ್ರಶ್ನೆ: "ಇವತ್ತಾದ್ರೂ ಸಿಕ್ತಾ?" ನಾವು ಇಲ್ಲ ಎನ್ನುತ್ತೇವೆ. "ನಾಳೆ ಇದ್ದೇ ಇದೆಯಲ್ಲ" ಎಂದು ಬಾಗಿಲು ಎಳೆಯುತ್ತಾನೆ.

ಕೆಳಗೆ ನಮ್ಮದೊಂದು ಕೋಣೆ. ಆಸ್ಪತ್ರೆಗಿಂತ ಶುಭ್ರ. ಕೂದಲಿಗೆ ಟೋಪಿ, ಕಾಲಿಗೆ ಚೀಲ. ನಡುವೆ ಎಂಟು ಹರಳುಗಳು, ಒಂದೊಂದೂ ನೀರಿನ ಚೊಂಬಿನಷ್ಟು. ಕಪ್ಪು ದ್ರವ್ಯದ ಕಣವೊಂದು ಹರಳಿಗೆ ತಾಕಿದರೆ ಮಿಣುಕೊಂದು ಹುಟ್ಟಬೇಕು. ಆ ಮಿಣುಕು ಎಷ್ಟು ಸಣ್ಣದೆಂದರೆ ಬೇರೆ ಯಾವುದೇ ಕಿರಣ ಸುಳಿದರೂ ಅದರಲ್ಲಿ ಮುಳುಗಿಹೋಗುತ್ತದೆ. ಅದಕ್ಕೇ ಇಷ್ಟು ಆಳ, ಅದಕ್ಕೇ ಸೀಸದ ಗೋಡೆ. ಗೋಡೆಯ ಎಲ್ಲಕ್ಕಿಂತ ಒಳಗಿನ ಸುತ್ತು ನಿಮ್ಮದು. ಹರಳಿಗೂ ನಿಮ್ಮ ಸೀಸಕ್ಕೂ ನಡುವೆ ನಾಲ್ಕು ಬೆರಳು ಜಾಗ.

ಮೂರು ಗಟ್ಟಿಗಳಿಂದ ಚೂರು ಕೆತ್ತಿ ಅಳೆದೆ. ಏನೂ ಇಲ್ಲ, ಮಾವ. ಇಷ್ಟು ಮೌನವಾದ ಲೋಹವನ್ನು ನಾನು ನೋಡಿಯೇ ಇರಲಿಲ್ಲ. ನಮ್ಮ ಮುಖ್ಯಸ್ಥೆ ಯಾರನ್ನೂ ಹೊಗಳುವವರಲ್ಲ. ಅವರೂ ಆ ಅಳತೆಯ ಅಂಕಿ ನೋಡಿ, "ನಿಮ್ಮ ಮಾವನ್ನ ಇಲ್ಲಿಗೇ ಕರೆಸ್ಕೋಬೇಕಿತ್ತು" ಎಂದರು.

ಇದು ನಿಮಗೆ ಮಾತ್ರ, ಅತ್ತೆಗೆ ಹೇಳಬೇಡಿ, ಊಟ ಬಿಡುತ್ತಾರೆ. ಹಣ ಕೊಡುವವರು ನಮಗೆ ಇನ್ನು ಎರಡು ವರ್ಷ ಕೊಟ್ಟಿದ್ದಾರೆ. ಅಷ್ಟರಲ್ಲಿ ಏನೂ ಕಾಣದಿದ್ದರೆ ಕೋಣೆಗೆ ಬೀಗ. ನಾವು ಹನ್ನೊಂದು ಜನ ಒಂದೊಂದು ದಿಕ್ಕು.

ನಿಮ್ಮ ಗುಂಜಿ

೯ ಆಗಸ್ಟ್ ೨೦೧೪

ಗುಂಜಿ,

ಬೀಗದ ಮಾತು ಅತ್ತೆಗೆ ಹೇಳಿಲ್ಲ. ಆದರೆ ಅವಳ ಕಣ್ಣು ತಪ್ಪಿಸಲಾದೀತೇ? ಮೂರು ದಿನ ನನ್ನ ಮುಖ ನೋಡಿ, ನಾಲ್ಕನೆಯ ದಿನ ತಾನಾಗಿಯೇ, "ಹುಡುಗಿ ಕೆಲಸಕ್ಕೆ ಕುತ್ತು ಬಂದಿದೆ ಅಲ್ವಾ?" ಎಂದಳು.

ಇಲ್ಲಿ ಅಂಗಡಿಗೆ ಬರುವವರು ಕಡಿಮೆ. ಎದುರಿನ ದಿನಸಿಯವನೂ ಬ್ಯಾಟರಿ ತಕ್ಕಡಿ ತಂದಿದ್ದಾನೆ. ಅದು ಕೆಟ್ಟರೆ ಅಂಕಿ ತೋರಿಸುವುದೇ ಇಲ್ಲವಂತೆ. ನಮ್ಮ ತಕ್ಕಡಿ ಕೆಟ್ಟರೂ ಏನೋ ಒಂದು ತೋರಿಸುತ್ತಿತ್ತು, ಯಾವುದು ಮೇಲು ಹೇಳು. ಬೆಳಿಗ್ಗೆ ಬಾಗಿಲು ತೆಗೆದು, ಒರೆಸಿದ್ದನ್ನೇ ಒರೆಸಿ, ಹಿಂದಿನ ಕೋಣೆಗೆ ಹೋಗಿ ಸೀಸದ ಅಟ್ಟಿಯಿದ್ದ ಜಾಗ ನೋಡಿ ಬರುತ್ತೇನೆ. ನೆಲದ ಮೇಲೆ ಚೌಕದ ಗುರುತು ಉಳಿದಿದೆ.

ಒಂದು ಸಣ್ಣ ಮಾತು. ನೀನು ಚೂರು ಕೆತ್ತಿದ ಆ ಮೂರು ಗಟ್ಟಿ ಪೆಟ್ಟಿಗೆಯ ಯಾವ ಕಡೆಯವು? ಸುಮ್ಮನೆ ಕೇಳಿದೆ.

ಊಟ ಸರಿಯಾಗಿ ಮಾಡು. ನೆಲದಡಿ ಇರುವವರಿಗೆ ಹಸಿವು ತಿಳಿಯುವುದಿಲ್ಲವಂತೆ, ಎಲ್ಲೋ ಓದಿದೆ.

ಮಾವ

೧೫ ಅಕ್ಟೋಬರ್ ೨೦೧೫

ಮಾವ,

ವರ್ಷ ದಾಟಿತು ನಿಮಗೆ ಬರೆದು. ಬೈಯಿರಿ, ಬೈಸಿಕೊಳ್ಳುತ್ತೇನೆ. ನೀವು ಆಗ ಕೇಳಿದ್ದಿರಿ, ಮೂರೂ ಪೆಟ್ಟಿಗೆಯ ಮೇಲಿನ ಸಾಲಿನವು.

ಇದನ್ನು ಬರೆಯುವಂತಿಲ್ಲ, ಆದರೂ ಬರೆಯುತ್ತಿದ್ದೇನೆ. ಏನೋ ಇದೆ. ಇರಬೇಕಾದ್ದಕ್ಕಿಂತ ಹೆಚ್ಚು ಮಿಣುಕುಗಳು. ಸಣ್ಣವು, ನಾವು ಎದುರು ನೋಡುತ್ತಿದ್ದ ಅಳತೆಯವು, ತಿಂಗಳಿಂದ ತಿಂಗಳಿಗೆ ಬಿಡದೆ ಬರುತ್ತಿವೆ. ಎಂಟು ಹರಳುಗಳಲ್ಲಿ ಐದು ಮತ್ತು ಆರರಲ್ಲಿ ಎಲ್ಲಕ್ಕಿಂತ ಸ್ಪಷ್ಟ. ಅವೆರಡೇ ನಮ್ಮ ಅತ್ಯಂತ ಶುದ್ಧ ಹರಳುಗಳು, ಅದಕ್ಕೇ ಅವುಗಳಿಗೆ ಮೊದಲು ಕಾಣುತ್ತಿದೆ ಎನ್ನುತ್ತಾರೆ ಮುಖ್ಯಸ್ಥೆ. ನಾವು ತಿಂಗಳುಗಟ್ಟಲೆ ಅದನ್ನು ಸುಳ್ಳೆಂದು ತೋರಿಸಿ ಕೊಲ್ಲಲು ನೋಡಿದೆವು. ತಂತಿ ಬದಲಿಸಿದೆವು, ಗಾಳಿ ಬದಲಿಸಿದೆವು. ಸಾಯಲಿಲ್ಲ.

ಮಾವ, ತಟ್ಟೆ ಎತ್ತಿ ತಳ ತಡವಿದೆ. ಮೇಣವಿಲ್ಲ.

ನಿನ್ನೆ ಸಂಜೆ ಲಿಫ್ಟಿನಜ್ಜ ಎಂದಿನಂತೆ ಕೇಳಿದ. ನಾನು ಇಲ್ಲ ಎನ್ನಲಿಲ್ಲ. ಅವನು ಪಂಜರವನ್ನು ನಡುದಾರಿಯಲ್ಲಿ ನಿಲ್ಲಿಸಿ ನನ್ನ ಮುಖಕ್ಕೆ ದೀಪ ಹಿಡಿದು ನೋಡಿದ. ಆಮೇಲೆ ಮೇಲಕ್ಕೆ ತಂದ.

ಹನ್ನೆರಡು ವರ್ಷದವಳಿದ್ದಾಗ ನೀವು ಗಾಜು ತಿಕ್ಕಿ ತಿಕ್ಕಿ ಆ ದುರ್ಬೀನು ಮಾಡಿಕೊಡದಿದ್ದರೆ ನಾನು ಇಲ್ಲಿರುತ್ತಿರಲಿಲ್ಲ. ಈಗ ನಿಮ್ಮದೇ ಸೀಸದ ಮನೆಯೊಳಗೆ ಅದು ಸಿಕ್ಕಿದೆ. ಬರುವ ಮಾರ್ಚಿಯಲ್ಲಿ ಎಲ್ಲರ ಮುಂದೆ ಹೇಳುತ್ತೇವೆ.

ಗುಂಜಿ

೮ ನವೆಂಬರ್ ೨೦೧೫

ಚಿ. ಗುಂಜಿಗೆ,

ನಿನ್ನ ಪತ್ರ ತಲುಪಿತು. ವಿಷಯ ತಿಳಿದು ಸಂತೋಷವಾಯಿತು. ಅತ್ತೆಯ ಮಂಡಿನೋವು ಹಾಗೇ ಇದೆ. ಇಲ್ಲಿ ಚಳಿ ಶುರುವಾಗಿದೆ.

ಆ ಗಟ್ಟಿಗಳನ್ನು ಗೋಡೆ ಕಟ್ಟುವಾಗ ಯಾವುದು ಎಲ್ಲಿ ಕೂತಿತು ಎಂದು ಬರೆದಿಟ್ಟಿದ್ದೀರಾ? ಐದು ಮತ್ತು ಆರನೆಯ ಹರಳಿನ ಪಕ್ಕ ಇರುವುದು ಮೇಲಿನ ಸಾಲಿನವೋ ತಳದವೋ? ಅವಸರವೇನಿಲ್ಲ.

ದೊಡ್ಡ ಕೆಲಸ. ನಿಧಾನವಾಗಿ ಮಾಡಿ. ಮಾರ್ಚಿಯೇ ಆಗಬೇಕೆಂದೇನಿದೆ?

ಆಶೀರ್ವಾದಗಳೊಂದಿಗೆ,
ಮಾವ

೧೧ ಜನವರಿ ೨೦೧೬

ಮಾವ,

ನಿಮ್ಮ ಆ ನಾಲ್ಕು ಸಾಲಿನ ಕಾಗದವನ್ನು ಎಷ್ಟು ಸಲ ಓದಿದೆನೋ. ನೀವು ನನ್ನನ್ನು ಯಾವತ್ತೂ 'ಚಿರಂಜೀವಿ' ಎಂದು ಕರೆದವರಲ್ಲ. ಆಮೇಲೆ ಎರಡು ತಿಂಗಳು ಸುದ್ದಿಯಿಲ್ಲ. ಅತ್ತೆಗೆ ಫೋನು ಮಾಡಿದರೆ, ನೀವು ಊಟ ಮುಗಿಸಿ ಮಹಡಿ ಹತ್ತಿದರೆ ಇಳಿಯುವುದಿಲ್ಲ, ದುರ್ಬೀನಿನ ಪಕ್ಕ ಸುಮ್ಮನೆ ಕುಳಿತಿರುತ್ತೀರಿ ಎಂದರು. "ನಿನ್ ಸುದ್ದಿ ಬಂದ ಮೇಲೆ ಹೀಗೆ. ಖುಷಿಗೆ ಹೀಗಾಗ್ತಾರಾ ಯಾರಾದ್ರೂ?" ಎಂದೂ ಕೇಳಿದರು. ನನಗೆ ಅನಿಸಿದ್ದು ಹೇಳಲೇ? ನಿಮಗೆ ಮೈ ಸರಿಯಿಲ್ಲ, ಮುಚ್ಚಿಡುತ್ತಿದ್ದೀರಿ. ಮಾರ್ಚಿಯ ತನಕ ನನಗೆ ತೊಂದರೆ ಕೊಡಬಾರದೆಂದು ಬಾಯಿ ಬಿಡುತ್ತಿಲ್ಲ. ದಯವಿಟ್ಟು ಡಾಕ್ಟರ ಹತ್ತಿರ ಹೋಗಿ.

ಸಂತೋಷದ ಮಾತೂ ಇದೆ. ಈ ಸುಳಿವನ್ನು ನಂಬಿ ನಮಗೆ ಇನ್ನೂ ಮೂರು ವರ್ಷ ಕೊಟ್ಟಿದ್ದಾರೆ. ನಮ್ಮಲ್ಲಿ ಇಬ್ಬರು ಬೇರೆ ಕಡೆ ಸಿಕ್ಕಿದ್ದ ಕೆಲಸ ಬಿಟ್ಟು ಉಳಿದರು. ಮಾರ್ಚಿ ೧೦ಕ್ಕೆ ಸಭೆ.

ಗಟ್ಟಿಗಳಿಗೆಲ್ಲ ನಂಬರು ಬರೆದಿದ್ದೇವೆ. ಐದು, ಆರರ ಮಗ್ಗುಲಲ್ಲಿರುವುದು ೩೯ ಮತ್ತು ೪೦. ಕೊನೆಯಲ್ಲಿ ಕೂರಿಸಿದವು, ಪೆಟ್ಟಿಗೆಯ ತಳದವು. ಯಾಕೆ ಮಾವ, ಮೇಸ್ತ್ರಿಯವರ ಹಾಗೆ ನೀವೂ ದೂರದಿಂದಲೇ ಎಣಿಸುತ್ತಿದ್ದೀರಾ?

ಗುಂಜಿ

೨ ಮಾರ್ಚ್ ೨೦೧೬

ಗುಂಜಿ,

ಈ ಕಾಗದವನ್ನು ನಾಲ್ಕು ಸಲ ಬರೆದೆ. ಮೂರನ್ನು ಒಲೆಗೆ ಹಾಕಿದೆ. ಇದು ನಿನ್ನ ಸಭೆಗೆ ಮುಂಚೆ ತಲುಪುವುದಿಲ್ಲ ಎಂದು ಗೊತ್ತಿದೆ. ಫೋನು ಮಾಡಬಹುದಿತ್ತು. ಫೋನಿನ ಹತ್ತಿರ ಹೋಗಿ ಹೋಗಿ ಬಂದೆ. ಕಿವಿ ಕೇಳದಿದ್ದರೇನು, ಬಾಯಿ ಇತ್ತಲ್ಲ. ಅದು ಏಳಲಿಲ್ಲ.

ನನ್ನ ಮೈಗೆ ಏನೂ ಆಗಿಲ್ಲ. ಕಲ್ಲುಗುಂಡಿನ ಹಾಗಿದ್ದೇನೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಹಾಗೆ ಮಹಡಿ ಹತ್ತಿ ಕೂರುತ್ತಿದ್ದೆ.

ನಲವತ್ತಕ್ಕೆ ನಲವತ್ತೂ ಅದೇ ಸೂರಿನವಲ್ಲ. ಮೂವತ್ತೆಂಟು ಮಾತ್ರ.

ದುರ್ಬೀನಿನ ಕೊಳವೆ ಭಾರ. ಇನ್ನೊಂದು ತುದಿಗೆ ಸರಿದೂಗುವ ಗುಂಡು ಇಲ್ಲದಿದ್ದರೆ ಅದು ಆಕಾಶದ ಕಡೆ ನಿಲ್ಲುವುದೇ ಇಲ್ಲ. ತೂಕದ ಬಟ್ಟುಗಳ ತೂತಿಗೆ ತುಂಬುವ ಚಿಲ್ಲರೆ ಸೀಸ ಬಿಟ್ಟರೆ ನನ್ನ ಹತ್ತಿರ ಏನೂ ಇರಲಿಲ್ಲ. ನಿನಗೆ ಜ್ವರ ಬಂದು ಶಾಲೆ ಬಿಟ್ಟು ಮಲಗಿದ್ದ ವಾರ. ಎದ್ದ ಕೂಡಲೇ ಚಂದ್ರನನ್ನು ತೋರಿಸುತ್ತೇನೆಂದು ಮಾತು ಕೊಟ್ಟಿದ್ದೆ. ಮೇಸ್ತ್ರಿಯವರ ಅಟ್ಟಿಯಿಂದ ಎರಡು ಗಟ್ಟಿ ಎಳೆದು ಕರಗಿಸಿ ಗುಂಡು ಎರೆದೆ. ನೀನು ಚಂದ್ರನನ್ನು ನೋಡಿದೆ. ಅಂದು ಸಂಜೆ ನೀನು ನಕ್ಕದ್ದು ನನಗೆ ಇನ್ನೂ ಕಾಣುತ್ತದೆ.

ಆಮೇಲೆ ಹೆದರಿಕೆಯಾಯಿತು. ವರ್ಷ ತಿರುಗಿದರೆ ಮೇಸ್ತ್ರಿ ಕೋಲು ಹಿಡಿದು ಬರುತ್ತಾರೆ. ಗುಜರಿಯವನ ಹತ್ತಿರ ಹಳೆಯ ಬ್ಯಾಟರಿಗಳ ಸೀಸ ತಂದು ಅದೇ ಅಚ್ಚಿನಲ್ಲಿ ಎರಡು ಗಟ್ಟಿ ಎರೆದೆ. ಮುದ್ರೆ ಮೇಸ್ತ್ರಿಯವರ ಮನೆಯಲ್ಲಿತ್ತು. ನಾನೇ ಒಂದನ್ನು ಕೊರೆದೆ. ಹೌದು, ಕಳ್ಳ ಮುದ್ರೆ. ಜೀವನವಿಡೀ ಬೇರೆಯವರ ತಕ್ಕಡಿಯ ಮೋಸ ಹಿಡಿದುಕೊಟ್ಟವನು ನಾನು. ಅವರು ಬಂದರು, ಎಣಿಸಿದರು, "ನಲವತ್ತು ಇದೆ" ಎಂದರು. ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಗುರುತು ಬೇಕಾದರೆ ನೋಡು: ಅವರ ಮುದ್ರೆಯಲ್ಲಿ ತಕ್ಕಡಿಯ ಮುಳ್ಳು ನೆಟ್ಟಗಿದೆ. ನನ್ನದರಲ್ಲಿ ಎಡಕ್ಕೆ ಕೂದಲೆಳೆಯಷ್ಟು ವಾಲಿದೆ.

ನೀನು ಸೀಸ ಕೇಳಿದಾಗ ಎರಡನ್ನು ತೆಗೆದಿಡಬಹುದಿತ್ತು. ಮೂವತ್ತೆಂಟು ಎಂದರೆ ನೀನು 'ಯಾಕೆ ಮಾವ' ಎನ್ನುತ್ತಿದ್ದೆ. ರಾಶಿಗೆ ಎರಡು ಕಾಳು, ಏನಾದೀತು ಎಂದುಕೊಂಡೆ. ಕಾಳಿನ ಲೆಕ್ಕ ಗೊತ್ತಿರಬೇಕಾದವನೇ ಹೀಗೆಂದುಕೊಂಡೆ. ಅವೆರಡನ್ನೂ ಪೆಟ್ಟಿಗೆಯ ತಳಕ್ಕೆ ಹಾಕಿದೆ. ಬೇಕೆಂದೇ ಹಾಕಿದೆನೋ, ಕೈ ತಾನಾಗಿ ಹಾಕಿತೋ, ಕೇಳಬೇಡ.

ಅಕ್ಟೋಬರಿನ ನಿನ್ನ ಕಾಗದ ಓದಿದ ದಿನವೇ ನನಗೆ ಗೊತ್ತಾಯಿತು. ಅದರಲ್ಲಿ ನೀನು ಎಷ್ಟು ಸಂತೋಷವಾಗಿದ್ದೆ ಎಂದರೆ, ಒಂದು ತಿಂಗಳು ಇರಲಿ ಎಂದುಕೊಂಡೆ. ಆಮೇಲೆ ಇನ್ನೊಂದು ತಿಂಗಳು.

ತಟ್ಟೆಯ ತಳದ ಮೇಣ ನಾನು, ಮಗಳೇ.

೧೮ ಜೂನ್ ೨೦೧೬

ಮಾವ,

ನಿಮ್ಮ ಕಾಗದ ಮಾರ್ಚಿ ೧೪ರಂದು ಬಂತು. ಸಭೆ ಮುಗಿದು ನಾಲ್ಕು ದಿನವಾಗಿತ್ತು.

ಆ ಸಭೆಯಲ್ಲಿ ಹಿಂದಿನ ಸಾಲಿನಿಂದ ಒಬ್ಬರು ಎದ್ದು, ಒಳಗಿನ ಸೀಸವನ್ನೆಲ್ಲ ಅಳೆದಿದ್ದೀರಾ ಎಂದು ಕೇಳಿದರು. ಮುಖ್ಯಸ್ಥೆ ವೇದಿಕೆಯಿಂದ ನನ್ನ ಕಡೆ ನೋಡಿದರು. ನಾನು ಹೌದೆಂದು ತಲೆಯಾಡಿಸಿದೆ. ಅವರು ಮೈಕಿನಲ್ಲಿ "ಅಳೆದಿದ್ದೇವೆ" ಎಂದರು.

ಪ್ರತಿ ಗಟ್ಟಿಯಿಂದಲೂ ಚೂರು ತೆಗೆದು ಅಳೆಯಬೇಕೆಂಬುದು ನಾನೇ ಬರೆದ ನಿಯಮ. ಒಂದು ಚೂರಿಗೆ ಹತ್ತು ದಿನ. ನಲವತ್ತಕ್ಕೆ ವರ್ಷವೇ ಬೇಕು, ನಮ್ಮ ಹತ್ತಿರ ಇದ್ದದ್ದು ಎರಡೇ ವರ್ಷ. ಆದರೆ ಕಾರಣ ಅದಲ್ಲ. ಬೇರೆ ಯಾರ ಸೀಸವಾಗಿದ್ದರೂ ನಲವತ್ತನ್ನೂ ಅಳೆಯುತ್ತಿದ್ದೆ. ನಿಮ್ಮದು ಎಂದು ಅಳೆಯಲಿಲ್ಲ.

ಕಾಗದ ಓದಿದ ದಿನವೇ ಮುಖ್ಯಸ್ಥೆಗೆ ಕೊಟ್ಟೆ. ಗೋಡೆ ಬಿಚ್ಚಿದೆವು. ೩೯, ೪೦. ಭೂತಗನ್ನಡಿಯಲ್ಲಿ ಮುಳ್ಳು ವಾಲಿದ್ದು ಕಂಡಿತು. ಅವನ್ನು ತೆಗೆದು ಬೇರೆ ಸೀಸವಿಟ್ಟು ಹತ್ತು ವಾರ ಕಾದೆವು. ಮೊದಲ ವಾರವೇ ಸಾಕಿತ್ತು. ಐದು, ಆರು ಸುಮ್ಮನಾದವು. ಉಳಿದವುಗಳಲ್ಲಿದ್ದ ಅಲ್ಪಸ್ವಲ್ಪವೂ ಹೋಯಿತು. ಏನೂ ಇಲ್ಲ, ಮಾವ. ಇರಲೇ ಇಲ್ಲ.

ಒಂದು ಮಾತು ಬರೆಯದೆ ಇದ್ದರೆ ನಾನೂ ನಿಮ್ಮ ಹಾಗೆ ಮುಚ್ಚಿಟ್ಟಂತಾಗುತ್ತದೆ. ನವೆಂಬರಿನಲ್ಲೇ ಹೇಳಿದ್ದರೆ ನಾನೊಬ್ಬಳು ತಲೆ ತಗ್ಗಿಸಿ ಸುಮ್ಮನಾಗುತ್ತಿದ್ದೆ. ಮಾರ್ಚಿಯಲ್ಲಿ ಹೇಳಿದ್ದಕ್ಕೆ ಹನ್ನೊಂದು ಜನ ತಗ್ಗಿಸಿದರು. ಕೊಟ್ಟ ಮೂರು ವರ್ಷವನ್ನು ವಾಪಸು ತೆಗೆದುಕೊಂಡಿದ್ದಾರೆ. ಇನ್ನು ನಮ್ಮ ಮಾತನ್ನು ಯಾರೂ ಕೇಳುವುದಿಲ್ಲ, ಕೇಳಲೂಬಾರದು. ಕೆಲಸ ಬಿಟ್ಟು ಉಳಿದಿದ್ದ ಆ ಇಬ್ಬರಲ್ಲಿ ಒಬ್ಬ ನನ್ನೊಡನೆ ಮಾತಾಡುವುದಿಲ್ಲ. ಮುಖ್ಯಸ್ಥೆ ಮಾತಾಡುತ್ತಾರೆ, ಅದು ಇನ್ನೂ ಕಷ್ಟ.

ಹರಳುಗಳನ್ನು ಯಾರೋ ಕೊಂಡೊಯ್ಯುತ್ತಾರೆ. ನೆಲದ ನೀರು ಎತ್ತುವ ಪಂಪು ಈ ತಿಂಗಳ ಕೊನೆಗೆ ನಿಲ್ಲುತ್ತದೆ, ಆಮೇಲೆ ಕೋಣೆಯಲ್ಲಿ ನೀರು ತುಂಬುತ್ತದೆ. ನಿನ್ನೆ ಕೊನೆಯ ಸಲ ಮೇಲೆ ಬಂದೆ. ಲಿಫ್ಟಿನಜ್ಜ ಏನೂ ಕೇಳಲಿಲ್ಲ. ಬಾಗಿಲು ತೆಗೆದು, ನನ್ನ ಸಾಮಾನಿನ ಡಬ್ಬಿಯನ್ನು ತಾನೇ ಎತ್ತಿ ಕೆಳಗಿಟ್ಟ.

ಮುಂದೇನು ಎಂದು ಕೇಳಬೇಡಿ. ನಲವತ್ತೆರಡು ನನಗೆ. ಇದೊಂದೇ ಗೊತ್ತಿದ್ದದ್ದು. ನಕ್ಷತ್ರಗಳನ್ನು ಹಿಡಿದಿಟ್ಟ ಆ ಭಾರ ಅಲ್ಲಿ ಇದ್ದೇ ಇದೆ. ಅದನ್ನು ನಾನು ಕಾಣುವುದಿಲ್ಲ, ಅಷ್ಟೆ.

ನನಗೆ ನಿಮ್ಮ ಮೇಲೆ ಸಿಟ್ಟಿದೆಯೇ ಎಂದು ನೋಡಿಕೊಂಡೆ. ಇದೆ. ಚಂದ್ರನನ್ನು ನೋಡಿದ ಆ ಸಂಜೆಯೂ ಇದೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕಲು ಬರುತ್ತಿಲ್ಲ.

ಗುಂಜಿ

೭ ಜುಲೈ ೨೦೧೬

ಗುಂಜಿ,

ಕ್ಷಮೆ ಕೇಳುವ ಕಾಗದವಲ್ಲ ಇದು. ಕೇಳಿದರೆ ನೀನು ಕೊಟ್ಟುಬಿಡುತ್ತೀಯ, ನಿನ್ನ ಗುಣ ನನಗೆ ಗೊತ್ತು. ಅದು ಬೇಡ.

ಅತ್ತೆಗೆ ಎಲ್ಲ ಹೇಳಿದೆ. ಗುಂಡಿನ ಕಥೆ, ಮುದ್ರೆಯ ಕಥೆ, ತಿಂಗಳುಗಟ್ಟಲೆ ಬಾಯಿ ಮುಚ್ಚಿಕೊಂಡಿದ್ದ ಕಥೆ. ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ. ತಟ್ಟೆ ಮುಂದಿಟ್ಟು, "ಮೊದಲೇ ಯಾಕ್ರೀ ಹೇಳ್ಲಿಲ್ಲ?" ಎಂದಷ್ಟೇ ಕೇಳಿದಳು. ಅವಳು ಕಾದಳು. ಅನ್ನ ಆರಿತು.

ಅಂಗಡಿಯ ಬಾಗಿಲು ಎಳೆದಿದ್ದೇನೆ. ನಿನಗೆ ಹೀಗಾದ್ದಕ್ಕೆ ಎಂದು ತಿಳಿಯಬೇಡ, ಗಿರಾಕಿಗಳು ಬರುವುದು ನಿಂತು ವರ್ಷವಾಯಿತು. ಕಳ್ಳ ಮುದ್ರೆಯನ್ನು ಹುಡುಕಿ ತೆಗೆದು ಸುತ್ತಿಗೆಯಿಂದ ಹೊಡೆದೆ. ಎರಡು ಪೆಟ್ಟು ಹೆಬ್ಬೆರಳಿಗೆ ಬಿತ್ತು.

ನಿನ್ನೆ ಬೆಳಿಗ್ಗೆ ಮಹಡಿ ಹತ್ತಿ ದುರ್ಬೀನಿನ ಗುಂಡನ್ನು ಬಿಚ್ಚಿದೆ. ಮೂವತ್ತು ವರ್ಷದ ತಿರುಪು, ಅರ್ಧ ದಿನ ಹಿಡಿಯಿತು. ತೂಗಿದೆ. ಹತ್ತೊಂಬತ್ತು ಕಿಲೋ ಎಂಟುನೂರ ನಲವತ್ತು ಗ್ರಾಂ. ಉಳಿದದ್ದು ಅಂದು ಕರಗಿಸುವಾಗ ಕಿಟ್ಟವಾಗಿ ಹೋಗಿರಬೇಕು. ಇದೇ ನಿನಗೆ ಬರಬೇಕಿದ್ದ ಮೂವತ್ತೊಂಬತ್ತು ಮತ್ತು ನಲವತ್ತು. ಪೆಟ್ಟಿಗೆಯಲ್ಲಿಟ್ಟು ಮೊಳೆ ಹೊಡೆದಿದ್ದೇನೆ. ಈಗ ಇದರಿಂದ ಯಾರಿಗೆ ಏನು ಉಪಯೋಗ ಎಂದು ಅತ್ತೆ ಕೇಳಿದಳು. ಏನೂ ಇಲ್ಲ. ನಿನ್ನದು, ನಿನ್ನ ಹತ್ತಿರ ಇರಬೇಕು, ಅಷ್ಟೆ.

ಗಣಿಯ ವಿಳಾಸಕ್ಕೆ ಪೆಟ್ಟಿಗೆ ಕಳಿಸುವಂತಿಲ್ಲ ಎಂದು ಅಂಚೆಯವರು ಹೇಳಿದರು, ಅಲ್ಲಿ ತೆಗೆದುಕೊಳ್ಳುವವರು ಇಲ್ಲವಂತೆ. ಈ ಕಾಗದವನ್ನು ಮಾತ್ರ ಅಲ್ಲಿಗೇ ಹಾಕುತ್ತಿದ್ದೇನೆ, ಯಾರಾದರೂ ನಿನ್ನ ಕೈಗೆ ಮುಟ್ಟಿಸಿಯಾರು. ಲಿಫ್ಟಿನಜ್ಜನಾದರೂ ಮುಟ್ಟಿಸಿಯಾನು. ಪೆಟ್ಟಿಗೆಯ ಮೇಲೆ ನಿನ್ನ ಹೆಸರು ಬರೆದು ಕೆಳಗೆ ವಿಳಾಸಕ್ಕೆ ಜಾಗ ಬಿಟ್ಟಿದ್ದೇನೆ.

ಗುಂಡು ತೆಗೆದ ಕೂಡಲೇ ದುರ್ಬೀನು ಮುಂದಕ್ಕೆ ವಾಲಿತು. ಹಿಡಿಯಲು ಹೋದೆ, ಆಗಲಿಲ್ಲ. ಈಗ ಅದರ ಬಾಯಿ ಮಹಡಿಯ ನೆಲಕ್ಕೆ ತಾಗಿ ನಿಂತಿದೆ. ಹೊದಿಕೆ ಹೊದಿಸಿ ಬಂದೆ.

ಈ ಸೀಸ ಆ ಸೂರಿನದೇ, ಗುಂಜಿ. ಆದರೆ ನಾನು ಹೇಳಿದೆನೆಂದು ನಂಬಬೇಡ. ಚೂರು ಕೆತ್ತಿ ಅಳೆದು ನೋಡು.

ಮಾವ